ಒಳಾಂಗಣದ ಆಟಕ್ಕೆ ಎಂಥ ಲೆನ್ಸು?

‘ಮಗಳು ಎರಡನೇ ಪಿಯುಸಿ. ಕಾಲೇಜಿನ ಬ್ಯಾಡ್ಮಿಂಟನ್ ಪಂದ್ಯಗಳ ಫೋಟೋ ತೆಗೆಯುವ ಹುಚ್ಚು ಹಿಡಿದಿದೆ. ಮೈದಾನದಲ್ಲಿ ತೆಗೆದದ್ದು ಚೆನ್ನಾಗಿಯೇ ಬರುತ್ತದೆ. ಒಳಗೆ ತೆಗೆದರೆ ಆಟಗಾರರ ಕೈಕಾಲು ಹೊಗೆಯಂತೆ ಕಾಣುತ್ತವೆ. ಅಂಗಡಿಯಲ್ಲಿ ಲಕ್ಷಕ್ಕೂ ಮಿಕ್ಕಿದ ಲೆನ್ಸು ತೋರಿಸುತ್ತಾರೆ. ಕಂತಿನಲ್ಲಿ ಕೊಡಿಸೋಣವೇ?’

ಹೆತ್ತವರ ಇಂಥ ಪತ್ರಗಳು ಅಂತರಕಾಲೇಜು ಪಂದ್ಯಗಳ ಕಾಲ ಬಂತೆಂದರೆ ಹೆಚ್ಚುತ್ತವೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಕಂತು ಬೇಡ. ಅದರ ಹತ್ತನೇ ಒಂದು ಪಾಲು ಹಣದಲ್ಲಿ ಇದಕ್ಕಿಂತ ಒಳ್ಳೆಯ ಚಿತ್ರ ತೆಗೆಯುವ ದಾರಿ ಇದೆ. ಆದರೆ ಯಾಕೆ ಎನ್ನುವುದು ಮಗಳಿಗೂ ನಿಮಗೂ ತಿಳಿದಿರಬೇಕು. ಇಲ್ಲದಿದ್ದರೆ ಮುಂದಿನ ಅಂಗಡಿಯವನು ಮತ್ತೊಂದು ತೋರಿಸುತ್ತಾನೆ.

ಕತೆ ಶುರುವಾಗುವುದು ನಮ್ಮ ಕಣ್ಣಿನಿಂದ. ಕಣ್ಣು ಬಹಳ ಹೊಂದಾಣಿಕೆಯ ಪ್ರಾಣಿ. ಸಭಾಂಗಣದಲ್ಲಿ ಹತ್ತು ದೀಪ ಉರಿಯುತ್ತಿದ್ದರೆ ‘ಝಗಮಗ ಬೆಳಕು’ ಎಂದುಬಿಡುತ್ತದೆ. ಲೆಕ್ಕ ಬೇರೆಯೇ ಇದೆ. ನಡುಮಧ್ಯಾಹ್ನದ ಬಿಸಿಲು ನೆಲಕ್ಕೆ ಬೀಳುವುದು ಸುಮಾರು ಒಂದು ಲಕ್ಷ ಲಕ್ಸ್. ನಮ್ಮ ಸಾಧಾರಣ ಕಾಲೇಜಿನ ಸಭಾಂಗಣದಲ್ಲಿ 250-300 ಲಕ್ಸ್ ಇದ್ದರೆ ಅದೇ ಪುಣ್ಯ. ಅಂದರೆ ಮುನ್ನೂರು-ನಾನೂರು ಪಟ್ಟು ಕಡಿಮೆ. ಕ್ಯಾಮೆರಾಕ್ಕೆ ಇದು ಹೆಚ್ಚುಕಡಿಮೆ ಮುಸ್ಸಂಜೆಯೇ ಸರಿ.

ಈ ಕೊರತೆಯನ್ನು ತುಂಬಲು ಮೂರೇ ಉಪಾಯ. ಷಟರನ್ನು ಹೆಚ್ಚು ಹೊತ್ತು ತೆರೆದಿಡುವುದು, ಐ.ಎಸ್.ಓ. ಏರಿಸುವುದು, ಇಲ್ಲವೇ ಲೆನ್ಸಿನ ಕಿಂಡಿಯನ್ನು ದೊಡ್ಡದು ಮಾಡುವುದು. ಮೊದಲನೆಯದು ಆಟಕ್ಕೆ ಆಗಿಬರುವುದಿಲ್ಲ. ಸೆಕೆಂಡಿಗೆ ಐದು ಮೀಟರ್ ಓಡುವ ಹುಡುಗಿ 1/100 ಸೆಕೆಂಡಿನಲ್ಲಿ ಐದು ಸೆಂಟಿಮೀಟರ್ ಮುಂದೆ ಹೋಗಿರುತ್ತಾಳೆ. ಪತ್ರದಲ್ಲಿ ಹೇಳಿದ ‘ಹೊಗೆ’ ಇದೇ. ಬ್ಯಾಡ್ಮಿಂಟನ್, ಕಬಡ್ಡಿ, ಬ್ಯಾಸ್ಕೆಟ್‌ಬಾಲ್ ಯಾವುದಕ್ಕೇ ಆಗಲಿ 1/500 ಕನಿಷ್ಠ; 1/1000 ಸಿಕ್ಕರೆ ಉತ್ತಮ. ಷಟಲ್ ಕಾಕನ್ನೂ ಗಾಳಿಯಲ್ಲಿ ನಿಲ್ಲಿಸುತ್ತೇನೆಂದು ಹಟ ಹಿಡಿಯಬೇಡಿ. ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ 2023ರಲ್ಲಿ ಗಂಟೆಗೆ 565 ಕಿಲೋಮೀಟರ್ ವೇಗದ ಸ್ಮ್ಯಾಶ್ ಹೊಡೆದು ಗಿನ್ನೆಸ್ ದಾಖಲೆ ಮಾಡಿದರು. ಆ ವೇಗದಲ್ಲಿ ಕಾಕು 1/1000 ಸೆಕೆಂಡಿನಲ್ಲೂ ಹದಿನೈದು ಸೆಂಟಿಮೀಟರ್ ದಾಟುತ್ತದೆ. ಮುಖ ಸ್ಪಷ್ಟವಿದ್ದರೆ ಸಾಕು, ಕಾಕು ಗೆರೆಯಾದರೆ ಆಗಲಿ. ನನಗಂತೂ ಆ ಗೆರೆಯೇ ಚೆಂದ.

ಇನ್ನು ಕಿಂಡಿಯ ವಿಚಾರ. ಲೆನ್ಸಿನ ಮೇಲೆ ಬರೆದಿರುವ ‘ಎಫ್’ ಸಂಖ್ಯೆ ಒಂದು ಭಾಗಾಕಾರದ ಲೆಕ್ಕ. ಲೆನ್ಸಿನ ನಾಭಿದೂರವನ್ನು ಕಿಂಡಿಯ ಅಗಲದಿಂದ ಭಾಗಿಸಿದರೆ ಬರುವುದೇ ಎಫ್. ಆದ್ದರಿಂದ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಕ್ಯಾಮೆರಾ ಜೊತೆ ಬರುವ 18-55 ಮಿ.ಮೀ. ಲೆನ್ಸು 55ರ ತುದಿಯಲ್ಲಿ ಎಫ್ 5.6; ಕಿಂಡಿ ಸುಮಾರು 10 ಮಿ.ಮೀ. ಅಗಲ. 50 ಮಿ.ಮೀ. ಎಫ್ 1.8 ಲೆನ್ಸಿನ ಕಿಂಡಿ 28 ಮಿ.ಮೀ. ದಪ್ಪ ನಲ್ಲಿಯಲ್ಲಿ ಬಿಂದಿಗೆ ಬೇಗ ತುಂಬುವುದಿಲ್ಲವೇ, ಹಾಗೆ.

ಎಷ್ಟು ಬೇಗ? 250 ಲಕ್ಸ್ ಬೆಳಕಿನಲ್ಲಿ ಐ.ಎಸ್.ಓ. 3200 ಇಟ್ಟುಕೊಳ್ಳಿ. ಎಫ್ 5.6ರಲ್ಲಿ ಸಿಗುವುದು ಬರೀ 1/100 ಸೆಕೆಂಡು. ಎಫ್ 4ಕ್ಕೆ 1/200. ಎಫ್ 2.8ಕ್ಕೆ 1/400. ಎಫ್ 2ಕ್ಕೆ 1/800. ಎಫ್ 1.8ಕ್ಕೆ ಹೆಚ್ಚುಕಡಿಮೆ 1/1000. ಈ ಸಾಲನ್ನು ಮತ್ತೊಮ್ಮೆ ಓದಿ. ಅಂಗಡಿಯವರು ತೋರಿಸಿದ್ದು ಬಹುಶಃ 70-200 ಮಿ.ಮೀ. ಎಫ್ 2.8. ಅದು ಕೊಡುವುದು 1/400. ಅದಕ್ಕಿಂತ ಎಷ್ಟೋ ಅಗ್ಗದ ಎಫ್ 1.8 ಲೆನ್ಸು ಕೊಡುವುದು 1/1000! ಜೂಮ್ ಇಲ್ಲ ಎನ್ನುವುದೊಂದೇ ಕೊರತೆ. ಅದಕ್ಕೆ ಕಾಲುಗಳಿವೆ.

ದುಬಾರಿ ಜೂಮ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಪತ್ರಿಕಾ ಛಾಯಾಗ್ರಾಹಕರು ಅದನ್ನೇ ಹೆಗಲಿಗೇರಿಸುತ್ತಾರೆ. ದೊಡ್ಡ ಕ್ರೀಡಾಂಗಣದ ದೀಪಗಳೂ ಪ್ರಖರವಾಗಿರುತ್ತವೆ. ಒಂದೂವರೆ ಕಿಲೋ ಭಾರದ ಆ ಲೆನ್ಸು ಸಂಪಾದಿಸಿಕೊಡುವವರ ಕೈಗೆ ಸರಿ. ತೀರಾ ಆಸೆಯಾದರೆ ಬೆಂಗಳೂರಿನಂಥ ಊರಿನಲ್ಲಿ ಒಂದು ದಿನದ ಬಾಡಿಗೆಗೆ ತಂದು ನೋಡಿ.

‘ಇದರಲ್ಲಿ ಸ್ಟೆಬಿಲೈಸರ್ ಇದೆ ಸಾರ್, ಕತ್ತಲಲ್ಲೂ ಚಿತ್ರ ಅಲುಗುವುದಿಲ್ಲ’ ಎನ್ನುವ ಮಾತಿಗೆ ಮಾತ್ರ ಮರುಳಾಗಬೇಡಿ. ಅದು ನಿಲ್ಲಿಸುವುದು ನಿಮ್ಮ ಕೈ ನಡುಕವನ್ನು. ಎದುರಿಗೆ ಜಿಗಿಯುವ ಹುಡುಗನನ್ನಲ್ಲ. ದೇವಸ್ಥಾನದ ಕಂಬಕ್ಕೆ ಸರಿ, ಕಬಡ್ಡಿಗೆ ಉಪಯೋಗವಿಲ್ಲ.

ಹಾಗಾದರೆ ಎಷ್ಟು ಮಿಲಿಮೀಟರ್? ಇದು ನೀವು ಎಲ್ಲಿ ನಿಲ್ಲುತ್ತೀರಿ ಎಂಬುದರ ಮೇಲಿದೆ. ವಿದ್ಯಾರ್ಥಿಗಳ ಕೈಯಲ್ಲಿರುವ ಬಹುಪಾಲು ಕ್ಯಾಮೆರಾಗಳ ಸೆನ್ಸರು ‘ಎ.ಪಿ.ಎಸ್.-ಸಿ’ ಅಳತೆಯದು. ಇದರಲ್ಲಿ ಕ್ಯಾಮೆರಾವನ್ನು ಉದ್ದುದ್ದ ಹಿಡಿದು, ಕೈಯೆತ್ತಿದ ಆಟಗಾರ ಅಡಿಯಿಂದ ಮುಡಿಯವರೆಗೆ ಬರಬೇಕೆಂದರೆ 50 ಮಿ.ಮೀ. ಲೆನ್ಸಿಗೆ ಐದು ಮೀಟರ್ ದೂರ ಬೇಕು, 85ಕ್ಕೆ ಎಂಟು-ಒಂಬತ್ತು ಮೀಟರ್, 135ಕ್ಕೆ ಹದಿಮೂರು-ಹದಿನಾಲ್ಕು. ಬ್ಯಾಡ್ಮಿಂಟನ್ ಅಂಕಣದ ಉದ್ದ 13.4 ಮೀಟರ್. ಒಂದು ತುದಿಯ ಗೆರೆಯ ಹಿಂದೆ ಮೂಲೆಯಲ್ಲಿ ಕೂತರೆ ಬಲೆಯಾಚೆಯ ಆಟಗಾರ ಹತ್ತು ಮೀಟರ್ ಆಸುಪಾಸಿನಲ್ಲಿರುತ್ತಾನೆ. ಅಲ್ಲಿಗೆ 85 ಹೇಳಿಮಾಡಿಸಿದ್ದು. ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಪಕ್ಕದ ಗೆರೆಯ ಹತ್ತಿರ ಕೂತವರಿಗೆ 50 ಸಾಕು. ಟೇಬಲ್ ಟೆನಿಸ್‌ಗೂ ಅದೇ. ಬ್ಯಾಸ್ಕೆಟ್‌ಬಾಲ್ ಅಂಕಣ 28 ಮೀಟರ್, ಇಡೀ ಅಂಕಣದ ಗೊಡವೆಗೆ ಹೋಗದೆ ಒಂದು ಬುಟ್ಟಿಯ ಬಳಿ 50 ಹಿಡಿದು ಕಾಯುವುದೇ ಜಾಣತನ.

ಮೊದಲು 50 ಕೊಳ್ಳಿ. ಒಂದು ವರ್ಷ ಅದರಲ್ಲೇ ತೆಗೆಯಲಿ. ಹುಚ್ಚು ಇಳಿಯದಿದ್ದರೆ 85.

ಕೊಳ್ಳುವಾಗ ಕ್ಯಾಮೆರಾದ ಹೆಸರನ್ನು ಬರೆದುಕೊಂಡು ಹೋಗಿ. ನಿಕಾನಿನ ಡಿ3500, ಡಿ5600ರಂಥ ಕ್ಯಾಮೆರಾಗಳೊಳಗೆ ಫೋಕಸ್ ಮೋಟಾರು ಇಲ್ಲ. ಅವಕ್ಕೆ ಹಳೆಯ ‘50 ಮಿ.ಮೀ. ಎಫ್ 1.8 ಡಿ’ ಹಾಕಿದರೆ ಕೈಯಲ್ಲೇ ಫೋಕಸ್ ತಿರುಗಿಸುತ್ತ ಕೂರಬೇಕು, ಆಟ ಮುಗಿದಿರುತ್ತದೆ. ‘ಎ.ಎಫ್.-ಎಸ್.’ ಎಂದು ಬರೆದಿರುವ, ಕೊನೆಯಲ್ಲಿ ‘ಜಿ’ ಇರುವುದನ್ನು ಕೇಳಿ. ಕ್ಯಾನನ್ನಿನ ಡಿಜಿಟಲ್ ಎಸ್.ಎಲ್.ಆರ್.ಗಳಿಗೆ ಈ ತಾಪತ್ರಯವಿಲ್ಲ; ಇ.ಎಫ್. ಲೆನ್ಸುಗಳೊಳಗೇ ಮೋಟಾರು ಇರುತ್ತದೆ. 1992ರಲ್ಲಿ ಬಂದ ಅವರ 85 ಮಿ.ಮೀ. ಎಫ್ 1.8 ಇಂದಿಗೂ ಚುರುಕಾಗಿ ಫೋಕಸ್ ಮಾಡುತ್ತದೆ. ವೃತ್ತಿಪರರು ಮಿರರ್‌ಲೆಸ್ ಕ್ಯಾಮೆರಾಗಳತ್ತ ಹೊರಳುತ್ತಿರುವುದರಿಂದ ಇಂಥವು ಸೆಕೆಂಡ್‌ಹ್ಯಾಂಡಿನಲ್ಲಿ ಸಿಗುತ್ತವೆ.

ಲೆನ್ಸು ಬಂದ ಮಾತ್ರಕ್ಕೆ ಚಿತ್ರ ಬಾರದು. ಎಫ್ 1.8ರಲ್ಲಿ, ಎಂಟು ಮೀಟರ್ ದೂರಕ್ಕೆ, 85ರ ಫೋಕಸ್ ಸ್ಪಷ್ಟವಾಗಿರುವ ಆಳ ಸುಮಾರು ಅರವತ್ತು ಸೆಂಟಿಮೀಟರ್ ಮಾತ್ರ. ಆಟಗಾರ ಒಂದು ಹೆಜ್ಜೆ ಮುಂದಿಟ್ಟರೆ ಮುಖ ಮಸುಕು. ಹಾಗಾಗಿ ನಿರಂತರ ಫೋಕಸ್ ಇಡಿ (ಕ್ಯಾನನ್ನಿನಲ್ಲಿ ‘ಎ.ಐ. ಸರ್ವೋ’, ನಿಕಾನಿನಲ್ಲಿ ‘ಎ.ಎಫ್.-ಸಿ’), ಹತ್ತು ಚಿತ್ರದಲ್ಲಿ ಮೂರು ಸಿಕ್ಕರೆ ಗೆದ್ದಂತೆ ತಿಳಿಯಿರಿ. ಐ.ಎಸ್.ಓ. ಏರಿಸಲು ಹೆದರಬೇಡಿ. ಚಿತ್ರದಲ್ಲಿ ಸ್ವಲ್ಪ ರವೆ ಚೆಲ್ಲಿದಂತಾದರೂ ಪರವಾಗಿಲ್ಲ. ಅಲುಗಿದ ಮುಖವನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಸರಿಮಾಡಲಾರದು.

ಕಾಕು ಕಾಣಲೆಂದು ಬ್ಯಾಡ್ಮಿಂಟನ್ ಅಂಕಣದ ಹಿಂದಿನ ಗೋಡೆಗೆ ಗಾಢ ಬಣ್ಣ ಬಳಿದಿರುತ್ತಾರೆ. ಆ ಕಪ್ಪನ್ನು ಕಂಡು ಕ್ಯಾಮೆರಾದ ಮೀಟರು ಮೋಸಹೋಗಿ ಷಟರನ್ನು ನಿಧಾನ ಮಾಡುತ್ತದೆ. ಮುಖಕ್ಕೆ ಸರಿಹೋಗುವ ಅಳತೆಯನ್ನು ಆಟ ಶುರುವಾಗುವ ಮೊದಲೇ ನೋಡಿಕೊಂಡು, ಮ್ಯಾನುಯಲ್‌ನಲ್ಲಿ ಕಟ್ಟಿಹಾಕಿ. ಇನ್ನೊಂದು ಕಾಟ ಟ್ಯೂಬ್‌ಲೈಟಿನದು. ನಮ್ಮ ವಿದ್ಯುತ್ತು 50 ಹರ್ಟ್ಸ್, ಆದ್ದರಿಂದ ದೀಪದ ಬೆಳಕು ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. ವೇಗದ ಷಟರಿನಲ್ಲಿ ಒಂದು ಚಿತ್ರ ಬೆಳ್ಳಗೆ, ಮುಂದಿನದು ಹಳದಿ. ಕ್ಯಾಮೆರಾ ಕೆಟ್ಟಿತೆಂದು ರಿಪೇರಿಗೆ ಓಡಬೇಡಿ. 2014ರ ಕ್ಯಾನನ್ 7ಡಿ ಮಾರ್ಕ್ 2ರಲ್ಲಿ ಬಂದ ‘ಆಂಟಿ ಫ್ಲಿಕರ್’ ಏರ್ಪಾಡು ಈಗ ಹಲವು ಕ್ಯಾಮೆರಾಗಳಲ್ಲಿದೆ, ಮೆನುವಿನಲ್ಲಿ ಹುಡುಕಿ. ಫ್ಲಾಷ್ ಅಂತೂ ಬೇಡವೇ ಬೇಡ. ಸ್ಮ್ಯಾಶ್ ಎದುರಿಸುತ್ತಿರುವವನ ಕಣ್ಣಿಗೆ ಮಿಂಚು ಹೊಡೆದರೆ ಅಂಪೈರ್ ನಿಮ್ಮನ್ನು ಹೊರಗೆ ಕಳಿಸುತ್ತಾರೆ, ಕಳಿಸಲೂಬೇಕು.

ಸೆಕೆಂಡ್‌ಹ್ಯಾಂಡ್ ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿ ಹತ್ತಿರಕ್ಕೂ ದೂರಕ್ಕೂ ಫೋಕಸ್ ಮಾಡಿಸಿ ನೋಡಿ. ಆಮೇಲೆ ಬಿಚ್ಚಿ, ಹಿಂದಿನಿಂದ ಟಾರ್ಚ್ ಹಾಯಿಸಿ ಮುಂದಿನಿಂದ ನೋಡಿ. ಜೇಡರಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಎಷ್ಟು ಅಗ್ಗವಾದರೂ ಬಿಟ್ಟುಬನ್ನಿ. ಮುಂಗಾಜಿನ ಮೇಲೆ ಸಣ್ಣ ಗೀರು ಇದ್ದರೆ ಚಿಂತೆಯಿಲ್ಲ, ಅದನ್ನು ತೋರಿಸಿ ಬೆಲೆ ಇಳಿಸಬಹುದು. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಲೆನ್ಸನ್ನು ಚರ್ಮದ ಚೀಲದಲ್ಲಿ ಬೀರುವಿನೊಳಗೆ ಇಡದೆ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಹರಳಿನ ಬಣ್ಣ ಬದಲಾದಾಗ ಪೊಟ್ಟಣ ಬದಲಿಸಿ.