ನಗರದ ದಂಗೆಯೂ ನಮ್ಮ ಪೂರ್ವಿಕರೂ

ಮನೆತನದ ಪೂರ್ವಚರಿತ್ರೆಯನ್ನು ಅರಿಯಬೇಕೆಂಬ ಅಪೇಕ್ಷೆಯು ಸ್ತುತ್ಯವಾದುದು. ದಾವಣಗೆರೆ, ಹರಿಹರ, ಹೊನ್ನಾಳಿ, ಚನ್ನಗಿರಿಗಳ ಕಡೆಯ ಹಳೆಯ ಮನೆತನಗಳಲ್ಲಿ ತಮ್ಮ ಹಿರಿಯನೊಬ್ಬನು ದಂಡಿನಲ್ಲಿದ್ದನೆಂದೂ, ನಗರದ ದಂಗೆಯಲ್ಲಿ ಕತ್ತಿ ಹಿಡಿದನೆಂದೂ ಹೇಳುವ ಮಾತು ಅಪರೂಪವಲ್ಲ. ಆದರೆ ಆತನು ಯಾರ ಕಡೆಯಲ್ಲಿ ನಿಂತು ಕತ್ತಿ ಹಿಡಿದನೆಂದು ವಿಚಾರಿಸಿದರೆ, ಬಹುಮಂದಿಗೆ ಆ ಪ್ರಶ್ನೆಯೇ ಹೊಸದಾಗಿ ತೋರುವುದು. ಈ ಪ್ರಶ್ನೆಯನ್ನು ಕೇಳಲೇಬೇಕೆಂಬುದು ನಮ್ಮ ಅಭಿಪ್ರಾಯ.

1830-31ರ ಆ ದಂಗೆಯು ಪರಕೀಯರ ಮೇಲೆ ನಡೆದ ಯುದ್ಧವಾಗಿ ಹುಟ್ಟಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರವರ ಆಳಿಕೆಯಲ್ಲಿ ಕಂದಾಯವನ್ನು ಶರತ್ತಿನ ಮೇಲೆ ವಸೂಲು ಮಾಡುವ ಪದ್ಧತಿಯು ಬಲಿತಿತ್ತು. ಇಷ್ಟು ಹಣವನ್ನು ಒಪ್ಪಿಸುವೆನೆಂದು ಕರಾರು ಮಾಡಿಕೊಂಡ ಅಮಲ್ದಾರನು ಅದನ್ನು ತುಂಬುವುದಕ್ಕಾಗಿ ರೈತನನ್ನು ಹಿಂಡುವನು. ರೈತನ ಮೊರೆಯು ಹುಜೂರಿಗೆ ಮುಟ್ಟದು. ಕಡೆಗೆ ನಗರ ಸೀಮೆಯ ರೈತರು ಕೂಟಗಳನ್ನು ಸೇರಿಸಿ ಕಂದಾಯವನ್ನು ನಿಲ್ಲಿಸಿದರು. ಅದೇ ಕಾಲದಲ್ಲಿ ಘಟ್ಟದ ಕೆಳಗಿನ ಕನ್ನಡ ಜಿಲ್ಲೆಯಲ್ಲಿಯೂ ಇಂತಹ ಕೂಟಗಳು ಸೇರಿದವು. 1763ರಲ್ಲಿ ಹೈದರಾಲಿಯ ಕೈಸೇರಿದ ಕೆಳದಿಯ ಗಾದಿಗೆ ತಾನೇ ವಾರಸುದಾರನೆಂದು ಬೂದಿ ಬಸವಪ್ಪ ನಾಯಕನು ಎದ್ದು ನಿಂತನು; ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕನೂ ಕೂಡಿಕೊಂಡನು. ರೈತರ ಸಂಕಟದಿಂದ ಹುಟ್ಟಿದ ಕಿಡಿಯು ಅಧಿಕಾರಾಕಾಂಕ್ಷಿಗಳ ಕೈಯಲ್ಲಿ ಕಾಳ್ಗಿಚ್ಚಾಯಿತು.

ಇದನ್ನು ಅಡಗಿಸಲು ಹೊರಟವರು ಯಾರು? ಮೊದಲು ಹೊರಟದ್ದು ಮಹಾರಾಜರ ಸೈನ್ಯವೇ. 1807ರ ಒಪ್ಪಂದದ ಮೇರೆಗೆ ಮೈಸೂರು ಸಂಸ್ಥಾನವು 4,000 ಸವಾರರನ್ನು ಸಾಕಬೇಕಾಗಿತ್ತು. ಸ್ವಂತ ಕುದುರೆಯೊಡನೆ ಚಾಕರಿಗೆ ಸೇರುವ ಸಿಲ್ಲೇದಾರರೂ, ಕಂದಾಚಾರದ ಆಳುಗಳೂ ಈ ನಾಡಿನ ಊರುಗಳಿಂದಲೇ ಬಂದವರು. ಆ ಮೇಲೆ ಕಂಪನಿಯ ಪಲ್ಟಣಗಳು ಬಂದವು; ಅವುಗಳಲ್ಲಿಯೂ ಬಂದೂಕು ಹೊತ್ತವರಲ್ಲಿ ಹೆಚ್ಚಿನವರು ಈ ದೇಶದ ಸಿಪಾಯಿಗಳೇ. ಕೂಟದ ರೈತನಿಗೂ ಎದುರು ನಿಂತ ಸವಾರನಿಗೂ ಮನೆಮಾತು ಒಂದೇ ಆಗಿದ್ದರೆ ಆಶ್ಚರ್ಯವಿಲ್ಲ. ಇದನ್ನು ಅಂತಃಕಲಹವೆನ್ನದೆ ಬೇರೇನೆನ್ನಬೇಕು?

1831ರ ಜೂನ್‌ನಲ್ಲಿ ನಗರವು ಕಂಪನಿಯ ಸೈನ್ಯಕ್ಕೆ ವಶವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬೆಂಟಿಂಕನು ಇಡೀ ಸಂಸ್ಥಾನದ ಆಡಳಿತವನ್ನೇ ಮಹಾರಾಜರ ಕೈಯಿಂದ ತೆಗೆದುಕೊಂಡನು. ವಿಚಾರಣಾ ಮಂಡಲಿಯ ವರದಿಯು ಬಂದದ್ದು 1833ರಲ್ಲಿ. ತೀರ್ಪು ಮೊದಲು, ವಿಚಾರಣೆ ಆಮೇಲೆ! ರಾಜ್ಯವು ಒಡೆಯರ ಮನೆತನಕ್ಕೆ ಹಿಂದಿರುಗಿದ್ದು 1881ರಲ್ಲಿ. ಮನೆಯ ಜಗಳವನ್ನು ನಾವೇ ತೀರಿಸಿಕೊಳ್ಳದೆ ಹೋದುದಕ್ಕೆ 50 ವರ್ಷಗಳ ಪರಾಧೀನತೆಯನ್ನು ಬೆಲೆಯಾಗಿ ತೆತ್ತೆವು.

ಇನ್ನು ಪೂರ್ವಿಕನನ್ನು ಹುಡುಕುವ ಬಗೆ. ಮೊದಲು ತಲೆಮಾರುಗಳನ್ನು ಎಣಿಸಬೇಕು. ದಂಗೆಯ ಕಾಲಕ್ಕೆ 25 ವರ್ಷದವನಾಗಿದ್ದವನು 1805ರ ಸುಮಾರಿನಲ್ಲಿ ಹುಟ್ಟಿರಬೇಕು. ಇಂದಿನ ವೃದ್ಧರಿಗೂ ಆತನು ಅಜ್ಜನಾಗುವುದು ಅಸಂಭವ. ಮೈಸೂರಿನ ಸವಾರರು 1817-18ರಲ್ಲಿ ಪಿಂಡಾರಿಗಳ ಮೇಲೆ ನಡೆದ ಕಾಳಗಕ್ಕೂ ಹೋಗಿದ್ದರು. ಹರಿಹರದ ಬಳಿಯಲ್ಲಿ 1865ರವರೆಗೂ ಸಿಪಾಯಿಗಳ ದಂಡು ಬೀಡುಬಿಟ್ಟಿತ್ತು. ಆದುದರಿಂದ ದಂಡಿನಲ್ಲಿದ್ದ ಮಾತ್ರಕ್ಕೆ ದಂಗೆಯಲ್ಲಿದ್ದನೆಂದು ಹೇಳಬರುವುದಿಲ್ಲ.

ಎರಡನೆಯದಾಗಿ, ಮನೆಯ ಅಟ್ಟದಲ್ಲಿರುವ ಕಡತ, ಸನ್ನದು, ಇನಾಮಿನ ಕಾಗದಗಳನ್ನು ನೋಡಬೇಕು. ಭೂಮಿಯು ಯಾವ ಚಾಕರಿಗಾಗಿ, ಯಾರ ಹೆಸರಿಗೆ ಬಂದಿತೆಂಬುದು ತಿಳಿದರೆ ಅರ್ಧ ಕಥೆ ತಿಳಿದಂತೆ. ಮೋಡಿ ಅಕ್ಷರದ ಮರಾಠಿ ಕಾಗದವೆಂದು ಅದನ್ನು ಬದಿಗಿಡಬಾರದು. ಆ ಕಾಲದ ದಫ್ತರಗಳಲ್ಲಿ ಕನ್ನಡದೊಡನೆ ಅದೂ ನಡೆಯುತ್ತಿತ್ತು. ಮೂರನೆಯದಾಗಿ ಬೆಂಗಳೂರಿನ ರಾಜ್ಯ ಪತ್ರಾಗಾರ, ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಕಂಪನಿಯ ಕಾಗದಗಳು. ಅಲ್ಲಿ ದೊರೆಗಳ ಹೆಸರು ಸುಲಭವಾಗಿ ಸಿಕ್ಕುವುದು. ಸತ್ತ ಸಿಪಾಯಿಯು ಬಹುಮಟ್ಟಿಗೆ ಬರಿಯ ಸಂಖ್ಯೆಯಾಗಿಯೇ ಉಳಿದಿರುವನು. ಕೂಟದ ರೈತನಿಗಂತೂ ಹಾಜರಿ ಪಟ್ಟಿಯೇ ಇರಲಿಲ್ಲ. ಆತನ ಹೆಸರು ದಾಖಲೆಗೆ ಬಂದಿದ್ದರೆ ಅದು ಬಹುಶಃ ಅಪರಾಧಿಯೆಂದೇ ಬಂದಿರಬೇಕು.

ಬಾಯಿಮಾತಿನ ಪರಂಪರೆಯನ್ನು ನಾವು ತುಚ್ಛವೆನ್ನುವುದಿಲ್ಲ. ಸಂಗೊಳ್ಳಿ ರಾಯಣ್ಣನ ಮತ್ತು ಹಲಗಲಿಯ ಬೇಡರ ಲಾವಣಿಗಳನ್ನು ಫ್ಲೀಟನು ಕಳೆದ ಶತಮಾನದ ಹಿಂದಿನ ಶತಮಾನದಲ್ಲಿಯೇ ಸಂಗ್ರಹಿಸಿ ಅಚ್ಚುಹಾಕಿಸದಿದ್ದರೆ ಆ ವೀರರ ನೆನಪು ಎಷ್ಟು ಬಡವಾಗುತ್ತಿತ್ತು! ಆದರೆ ಲಾವಣಿಯು ಕಾಗದಕ್ಕೆ ಜೊತೆಯಾಗಬೇಕೇ ಹೊರತು ಕಾಗದದ ಬಾಯಿ ಮುಚ್ಚಿಸಬಾರದು.

ಇಲ್ಲಿಯೇ ಮುಖ್ಯವಾದ ಮಾತಿರುವುದು. ನಾವು ಸ್ವತಂತ್ರರಾದ ಮೇಲೆ ದಂಗೆಕೋರನು ವೀರನಾದನು, ಅದು ನ್ಯಾಯವೇ. ಆದರೆ ಎಲ್ಲ ಮನೆಗಳಿಗೂ ದಂಗೆಕೋರನೇ ಪೂರ್ವಿಕನಾಗಬೇಕೆಂಬ ಹಂಬಲವು ನ್ಯಾಯವಲ್ಲ. ಮಹಾರಾಜರ ಉಪ್ಪುಂಡು ಕುದುರೆಯೇರಿದವನೂ, ಸಂಬಳಕ್ಕಾಗಿ ಕಂಪನಿಯ ಪಲ್ಟಣವನ್ನು ಸೇರಿದವನೂ ಇಲ್ಲಿಯವನೇ. ಅಂತಹವನು ತನ್ನ ಪೂರ್ವಿಕನೆಂದು ಕಾಗದವು ತೋರಿಸಿದರೆ ಅದನ್ನು ಸುಟ್ಟುಹಾಕುವುದು ದೇಶಾಭಿಮಾನವಲ್ಲ, ಅಂಜುಬುರುಕುತನ. ಕೂಟದ ರೈತನು ಬಂಡೆದ್ದದ್ದು ತನ್ನ ದುಃಖವನ್ನು ಸರಕಾರದ ಕಾಗದದಲ್ಲಿ ಮುಚ್ಚಿಟ್ಟರೆಂದೇ ಅಲ್ಲವೇ? ಆತನ ಹೆಸರಿನಲ್ಲಿ ನಾವು ಮತ್ತೊಂದು ಕಾಗದವನ್ನು ಮುಚ್ಚಿಡುವುದೆಂತು? ಹರಿಹರನ ಕ್ಷೇತ್ರದಲ್ಲಿರುವ ನಮಗೆ, ಎರಡು ಕಡೆಯನ್ನೂ ಒಂದೇ ಮೂರ್ತಿಯಲ್ಲಿ ಕಾಣುವುದನ್ನು ಬೇರೆಯವರು ಕಲಿಸಬೇಕಾಗಿಲ್ಲ.

ಅಧಿಕಾರಿವರ್ಗದವರಲ್ಲಿ ನಮ್ಮ ಬಿನ್ನಹವೇನೆಂದರೆ, ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿ ಹಳೆಯ ಇನಾಮಿನ ರಿಜಿಸ್ಟರುಗಳೇನಾದರೂ ಉಳಿದಿದ್ದರೆ ಅವು ಗೆದ್ದಲಿಗೆ ಆಹಾರವಾಗುವ ಮೊದಲೇ ಅವುಗಳ ಪಟ್ಟಿಯನ್ನು ಮಾಡಿಸಿ, ಪ್ರತಿಚಿತ್ರಗಳನ್ನು ತೆಗೆಸಿ, ಜನರಿಗೆ ನೋಡಲು ಕೊಡಬೇಕು. ನಮ್ಮ ಜಿಲ್ಲೆಯು 1997ರಲ್ಲಿ ಚಿತ್ರದುರ್ಗ, ಶಿವಮೊಗ್ಗ, ಬಳ್ಳಾರಿಗಳ ಭಾಗಗಳಿಂದ ರಚಿತವಾದುದರಿಂದ ಅನ್ವೇಷಕನು ಹಲವು ಊರುಗಳನ್ನು ಅಲೆಯಬೇಕಾಗುವುದು. ಯಾವ ಕಾಗದವು ಎಲ್ಲಿದೆಯೆಂಬ ಸೂಚಿಯನ್ನಾದರೂ ಸಿದ್ಧಪಡಿಸಬೇಕು. 2009ರಲ್ಲಿ ಸ್ಥಾಪಿತವಾದ ದಾವಣಗೆರೆ ವಿಶ್ವವಿದ್ಯಾನಿಲಯವು ಮೋಡಿ ಲಿಪಿಯನ್ನು ಓದಬಲ್ಲ ನಾಲ್ವರು ತರುಣರನ್ನು ತಯಾರು ಮಾಡಿದರೆ ಅದು ನಾಡಿಗೆ ಮಾಡಿದ ಸೇವೆಯಾಗುವುದು.

ಮಹಾಜನರಾದರೋ ಹಬ್ಬಕ್ಕೆ ಅಟ್ಟವನ್ನು ಗುಡಿಸುವಾಗ ಹಳೆಯ ಕಾಗದವನ್ನು ರದ್ದಿಯವನ ತಕ್ಕಡಿಗೆ ಹಾಕುವುದಕ್ಕೆ ಮುಂಚೆ ಒಮ್ಮೆ ಬಿಡಿಸಿ ನೋಡಲಿ. ಅದರಲ್ಲಿ ಸಿಕ್ಕುವ ಹಿರಿಯನು ತಾವು ಬಯಸಿದವನಲ್ಲದಿರಬಹುದು. ಆದರೂ ಆತನು ತಮ್ಮವನೇ.