ಮಿಂಚಂಚೆಗೂ ಸಾಕ್ಷಿ ಬೇಕು

ಕಾರಖಾನೆಯೊಂದು ತನಗೆ ಬೇಕಾದ ಸಾಮಾನಿಗಾಗಿ ವರ್ತಕರಿಗೆ ಮಿಂಚಂಚೆ ಬರೆಯಿತೆನ್ನೋಣ. ವಾರ ಕಳೆದರೂ ಸಾಮಾನು ಬರಲಿಲ್ಲ. ವಿಚಾರಿಸಿದರೆ, ‘ನಿಮ್ಮ ಕಾಗದವೇ ನಮಗೆ ಬಂದಿಲ್ಲ’ ಎಂಬ ಉತ್ತರ. ಕಳುಹಿಸಿದೆವೆಂದು ಇವರು, ಬಂದಿಲ್ಲವೆಂದು ಅವರು. ಇಂತಹ ವಿವಾದವನ್ನು ಗಟ್ಟಿಧ್ವನಿಯಿಂದ ತೀರ್ಮಾನಿಸಲಾಗದು. ತೀರ್ಮಾನಕ್ಕೆ ಬೇಕಾದ ಸಾಕ್ಷಿಯು ಸಾಮಾನ್ಯವಾಗಿ ಕಚೇರಿಯ ಅಂಚೆ ಸರ್ವರಿನಲ್ಲಿಯೇ ಇರುತ್ತದೆ. ಅದನ್ನು ಕಾಪಾಡಿ ಓದುವ ಅಭ್ಯಾಸ ಮಾತ್ರ ನಮ್ಮಲ್ಲಿ ಸಾಲದು.

ಮಿಂಚಂಚೆಯು ಬರೆದವನಿಂದ ಓದುವವನಿಗೆ ನೇರವಾಗಿ ಹಾರಿ ಹೋಗುವುದಿಲ್ಲ. ಒಂದು ಸರ್ವರ್ ಅದನ್ನು ಮತ್ತೊಂದರ ವಶಕ್ಕೆ ಒಪ್ಪಿಸುತ್ತದೆ. ಈ ಹಸ್ತಾಂತರವು ಎಸ್‌ಎಂಟಿಪಿ ಎಂಬ ನಿಯಮಾವಳಿಯಂತೆ ನಡೆಯುತ್ತದೆ. ಜಾನ್ ಪೋಸ್ಟೆಲ್ ಅವರು ಬರೆದ ಅದರ ಪ್ರಸಿದ್ಧ ಪಾಠವು 1982ರಲ್ಲಿ ಪ್ರಕಟವಾಯಿತು, 2008ರಲ್ಲಿ ಪರಿಷ್ಕೃತವಾಯಿತು. ಕಾಗದವನ್ನು ಕೊನೆಗೆ ಒಪ್ಪಿಸಿದಾಗ ಎದುರಿನ ಸರ್ವರ್ 250 ಎಂದು ಉತ್ತರಿಸಿದರೆ, ಅದು ಕಾಗದವನ್ನು ಸ್ವೀಕರಿಸಿ ಮುಂದಿನ ಹೊಣೆಯನ್ನು ಹೊತ್ತಿತೆಂದು ಅರ್ಥ. 4ರಿಂದ ಆರಂಭವಾಗುವ ಉತ್ತರವು ತಾತ್ಕಾಲಿಕ ಅಡಚಣೆಯನ್ನೂ, 5ರಿಂದ ಆರಂಭವಾಗುವುದು ನಿರಾಕರಣೆಯನ್ನೂ ಸೂಚಿಸುತ್ತವೆ. ತಾತ್ಕಾಲಿಕ ಅಡಚಣೆಯಾದರೆ ಕಾಗದವನ್ನು ಸರದಿಯಲ್ಲಿಟ್ಟು ನಾಲ್ಕೈದು ದಿನಗಳವರೆಗೆ ಮತ್ತೆ ಮತ್ತೆ ಯತ್ನಿಸುವುದು ರೂಢಿ. ಈ ಉತ್ತರಗಳೆಲ್ಲ ಗಂಟೆ, ನಿಮಿಷ, ಸೆಕೆಂಡುಗಳ ಸಹಿತ ಲಾಗ್ ಎಂಬ ದಿನಚರಿಯಲ್ಲಿ ದಾಖಲಾಗುತ್ತವೆ.

ಆದರೆ ಉಪಕರಣವು ಅಳೆದುದಕ್ಕಿಂತ ಹೆಚ್ಚನ್ನು ಅದರ ಬಾಯಿಂದ ಹೇಳಿಸಬಾರದು. ಎದುರಿನ ಸರ್ವರ್ ಸ್ವೀಕರಿಸಿತು ಎನ್ನುವುದು ಬೇರೆ, ಅಲ್ಲಿಯ ಮನುಷ್ಯ ಓದಿದ ಎನ್ನುವುದು ಬೇರೆ. ಸ್ವೀಕೃತವಾದ ಕಾಗದವು ಅನಂತರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳಬಹುದು. ಓದಿದುದನ್ನು ತಿಳಿಯಲು ಕೆಲವರು ಕಾಗದದೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರವೊಂದನ್ನು ಅಡಗಿಸುವುದುಂಟು. ಇದು ಓದುಗನ ಬೆನ್ನ ಹಿಂದೆ ನಡೆಸುವ ಬೇಹುಗಾರಿಕೆ, ನಂಬಲರ್ಹವೂ ಅಲ್ಲ. 2021ರಲ್ಲಿ ಆಪಲ್ ಸಂಸ್ಥೆಯು ತಂದ ರಕ್ಷಣಾ ವ್ಯವಸ್ಥೆಯನ್ನು ಆರಿಸಿಕೊಂಡವರ ಯಂತ್ರದಲ್ಲಿ, ಅವರು ಕಾಗದವನ್ನು ತೆರೆಯದಿದ್ದರೂ ಆ ಚಿತ್ರವು ತರಿಸಲ್ಪಡಬಹುದು. ಓದಿದ್ದು ತಿಳಿಯಬೇಕಾದರೆ ಉತ್ತರವನ್ನು ಕೇಳುವುದೇ ಸಭ್ಯ ಮಾರ್ಗ.

ಎರಡು ಕಚೇರಿಗಳ ಲಾಗ್‌ಗಳನ್ನು ಹೋಲಿಸಬೇಕಾದರೆ ಎರಡರ ಗಡಿಯಾರಗಳೂ ಒಂದೇ ವೇಳೆಯನ್ನು ತೋರಬೇಕು. ಭಾರತದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು ಲಾಗ್‌ಗಳನ್ನು 180 ದಿನ ಸುರಕ್ಷಿತವಾಗಿ ಇಡಬೇಕೆಂದು ಸಂಸ್ಥೆಗಳಿಗೆ ವಿಧಿಸಿದೆ. ರಾಷ್ಟ್ರೀಯ ಭೌತ ಪ್ರಯೋಗಾಲಯ ಅಥವಾ ರಾಷ್ಟ್ರೀಯ ಮಾಹಿತಿ ಕೇಂದ್ರದ ವೇಳೆಗೆ ಗಡಿಯಾರಗಳನ್ನು ಹೊಂದಿಸಬೇಕೆಂದೂ ಹೇಳಿದೆ. ಇದು ಯುಕ್ತವಾದ ನಿಯಮ.

ಆದರೆ ಕೂಡಿಟ್ಟರೆ ಸಾಲದು. ಸರದಿಯಲ್ಲಿ ತಂಗಿರುವ ಕಾಗದಗಳನ್ನು ಪ್ರತಿದಿನ ನೋಡುವವರೊಬ್ಬರು ಕಚೇರಿಯಲ್ಲಿರಬೇಕು. ಯಾರು ಯಾರಿಗೆ ಬರೆದರೆಂಬುದೂ ಲಾಗ್‌ನಲ್ಲಿ ಇರುವುದರಿಂದ ಅದು ಕಂಡಕಂಡವರ ಕೈಗೆ ಸಿಕ್ಕಬಾರದು. ನಾಳೆ ಇಂತಹ ಹೊಣೆಯನ್ನು ಹೊರಲಿರುವ ವಿದ್ಯಾರ್ಥಿಗಳು, ಪ್ರಯೋಗಶಾಲೆಯಲ್ಲಿ ವೀಕ್ಷಣೆಗಳನ್ನು ಆಗಿಂದಾಗ ಬರೆದಿಡುವಾಗ ಕಲಿಯುವ ಶಿಸ್ತನ್ನು ಕಚೇರಿಗೂ ಕೊಂಡೊಯ್ಯಲಿ. ಕಾಗದ ಬರಲಿಲ್ಲವೆಂದು ಯಾರನ್ನಾದರೂ ದೂರುವ ಮೊದಲು, ಕಳುಹಿಸಿದ ದಿನ, ವೇಳೆ ಮತ್ತು ಎದುರಿನ ಸರ್ವರ್ ಕೊಟ್ಟ ಉತ್ತರ ಇವಿಷ್ಟನ್ನು ನೋಡಿ ಮಾತನಾಡುವುದು ನ್ಯಾಯ.