ಹುಳವಿಲ್ಲದ ಹುಳುಕು

ಕೆಲವು ವರ್ಷಗಳ ಹಿಂದೆ ನನ್ನ ಸೋದರತ್ತೆಯವರಿಗೆ ಕೆಳದವಡೆಯ ಹಲ್ಲೊಂದು ನೋಯತೊಡಗಿತು. ನಾಲ್ಕಾರು ದಿನ ಲವಂಗ ಕಚ್ಚಿಕೊಂಡು ತಡೆದರು. ಆಮೇಲೆ ಪಟ್ಟಣದ ದಂತವೈದ್ಯರೊಬ್ಬರಲ್ಲಿಗೆ ಹೋದರು. ವೈದ್ಯರು ಚೆನ್ನಾಗಿ ಓದಿದವರು, ಕೈಗುಣವುಳ್ಳವರೆಂದು ಹೆಸರಾದವರು. ಬಾಯಿ ತೆರೆಸಿ ನೋಡಿ, ‘ಡೀಪ್ ಕೇರೀಸ್, ಆರ್‌ಸಿಟಿ ಆಗಬೇಕು, ನಾಳೆ ಬನ್ನಿ’ ಎಂದು ಹೇಳಿ ಮುಂದಿನ ರೋಗಿಯನ್ನು ಕರೆದರು. ಅತ್ತೆ ಮನೆಗೆ ಬಂದು, ‘ಏನೋ ದೊಡ್ಡ ರೋಗವಂತೆ ಕಣಪ್ಪ, ಹೆಸರು ಬಾಯಿಗೆ ಬರುವುದಿಲ್ಲ. ಹುಳ ಇದೆಯೇ ಎಂದು ಕೇಳಬೇಕೆಂದಿದ್ದೆ. ನಕ್ಕಾರೆಂದು ಸುಮ್ಮನಾದೆ’ ಎಂದರು. ಮರುದಿನ ಅವರು ಹೋಗಲಿಲ್ಲ. ಮುಂದಿನ ಸಂತೆಯಲ್ಲಿ, ಬೀಜದ ಹೊಗೆ ಕೊಟ್ಟು ಹಲ್ಲಿನ ಹುಳ ತೆಗೆಯುವವನ ಮುಂದೆ ಕುಳಿತು, ಅವನು ತೋರಿಸಿದ ‘ಹುಳ’ಗಳನ್ನು ಕಣ್ಣಾರೆ ಕಂಡು ಸಮಾಧಾನದಿಂದ ಹಿಂದಿರುಗಿದರು. ಎರಡು ತಿಂಗಳಲ್ಲಿ ಕೆನ್ನೆ ಊದಿ ಜ್ವರ ಬಂದಾಗ ಹಲ್ಲನ್ನು ಕೀಳಿಸುವುದಲ್ಲದೆ ಬೇರೆ ದಾರಿ ಉಳಿದಿರಲಿಲ್ಲ.

ಈ ಪ್ರಸಂಗವನ್ನು ಕೇಳಿದ ವಿದ್ಯಾವಂತರು ಅತ್ತೆಯ ಮೌಢ್ಯಕ್ಕೆ ಮರುಗುತ್ತಾರೆ. ನನ್ನ ಅಭಿಪ್ರಾಯ ಬೇರೆ. ಸಂತೆಯವನು ಆಕೆಯೊಡನೆ ಆಕೆಯ ಮಾತಿನಲ್ಲಿ ಮಾತಾಡಿದ, ವೈದ್ಯರು ಮಾತಾಡಲಿಲ್ಲ. ಸುಳ್ಳು ಹೇಳಿದವನು ಗೆದ್ದ, ಸತ್ಯ ಬಲ್ಲವರು ಸೋತರು.

ಹಲ್ಲಿನಲ್ಲಿ ಹುಳವಿದೆಯೆಂಬ ನಂಬಿಕೆ ನಮ್ಮೊಬ್ಬರದೇ ಅಲ್ಲ. ಪ್ರಾಚೀನ ಬ್ಯಾಬಿಲೋನಿಯದವರು ಹಲ್ಲಿನ ಹುಳವನ್ನು ಓಡಿಸುವ ಮಂತ್ರವನ್ನು ಜೇಡಿಮಣ್ಣಿನ ಫಲಕದ ಮೇಲೆ ಬರೆದಿಟ್ಟಿದ್ದರು. ಯೂರೋಪಿನಲ್ಲೂ ಹೆನ್‌ಬೇನ್ ಎಂಬ ಗಿಡದ ಬೀಜವನ್ನು ಕೆಂಡಕ್ಕೆ ಹಾಕಿ ಹೊಗೆ ಕೊಡುತ್ತಿದ್ದರು. ಕಾವಿಗೆ ಬೀಜ ಸಿಡಿದು ಹೊರಬರುವ ಬಿಳಿಯ ಎಳೆಯೇ ಹುಳವೆಂದು ತೋರುತ್ತಿತ್ತು. 1728ರಲ್ಲಿ ದಂತವೈದ್ಯವನ್ನು ಕುರಿತು ದೊಡ್ಡ ಗ್ರಂಥ ಬರೆದ ಫ್ರಾನ್ಸಿನ ಪಿಯೆರ್ ಫೋಷಾರ್, ಸೂಕ್ಷ್ಮದರ್ಶಕದಲ್ಲಿ ನೋಡಿದರೂ ತನಗೆ ಹುಳ ಕಾಣಲಿಲ್ಲವೆಂದು ತಿಳಿಸಿದನು. ನಿಜವಾದ ಕಾರಣವನ್ನು ವಿಶದಪಡಿಸಿದವನು ಬರ್ಲಿನ್ನಿನಲ್ಲಿ ನೆಲೆಸಿದ್ದ ಅಮೆರಿಕದ ಮಿಲ್ಲರ್, 1890ರಲ್ಲಿ. ಬಾಯಿಯ ಸೂಕ್ಷ್ಮಜೀವಿಗಳು ನಾವು ತಿಂದ ಸಕ್ಕರೆ ಪಿಷ್ಟಗಳನ್ನು ಹುಳಿಯಿಸಿ ಆಮ್ಲವನ್ನುಂಟುಮಾಡುತ್ತವೆ. ಆ ಆಮ್ಲ ಹಲ್ಲಿನ ಎನಾಮೆಲನ್ನು ಕರಗಿಸುತ್ತದೆ.

ಹೀಗಿರುವಲ್ಲಿ ನಮ್ಮ ನುಡಿಯಲ್ಲಿ ಒಂದು ತೊಡಕುಂಟು. ‘ಹುಳುಕು’ ಎಂಬ ಪದದೊಳಗೇ ಹುಳು ಕುಳಿತಿದೆ. ಆ ಪದವನ್ನು ಬಿಟ್ಟು ‘ಕೇರೀಸ್’ ಎಂದರೆ ರೋಗಿಗೆ ತಿಳಿಯದು. ಪಠ್ಯಪುಸ್ತಕದ ‘ದಂತಕ್ಷಯ’ವೆಂದರೆ ಗಾಬರಿಯಾದೀತು, ಏಕೆಂದರೆ ಕ್ಷಯವೆಂದರೆ ಜನಕ್ಕೆ ಎದೆಯ ರೋಗ. ನನ್ನ ಮತದಲ್ಲಿ ಹುಳುಕೆಂಬ ಮಾತನ್ನೇ ಕೈಹಿಡಿದು ತಿದ್ದಬೇಕು. ‘ಅಮ್ಮ, ಹುಳುಕಾಗಿರುವುದು ನಿಜ, ಆದರೆ ಕಣ್ಣಿಗೆ ಕಾಣುವ ಹುಳ ಅಲ್ಲಿಲ್ಲ. ದೋಸೆಹಿಟ್ಟು ರಾತ್ರಿಯೆಲ್ಲ ಹುಳಿಯುವುದಿಲ್ಲವೇ? ಅದನ್ನು ಹುಳಿಸುವಂತಹ ಜೀವಿಗಳೇ ನಿಮ್ಮ ಹಲ್ಲಿನ ಮೇಲೂ ಕುಳಿತು ಸಿಹಿಯನ್ನು ಹುಳಿಮಾಡುತ್ತವೆ. ಆ ಹುಳಿ ಹಲ್ಲನ್ನು ತಿನ್ನುತ್ತದೆ.’ ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಹಿಟ್ಟು ರುಬ್ಬುವ ಯಾವ ಗೃಹಿಣಿಗೂ ಇದು ತಿಳಿಯುತ್ತದೆ.

ಇಲ್ಲಿಂದ ಮುಂದಿನ ಹೆಜ್ಜೆ ಸುಲಭ. 1940ರ ದಶಕದಲ್ಲಿ ಸ್ಟೀಫನ್ ಎಂಬ ವಿಜ್ಞಾನಿ, ಸಕ್ಕರೆ ನೀರಿನಿಂದ ಬಾಯಿ ಮುಕ್ಕಳಿಸಿದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಿನ ಪಾಚಿಯ ಆಮ್ಲತೆ ಏರುವುದನ್ನೂ, ಅದು ಮೊದಲಿನ ಸ್ಥಿತಿಗೆ ಬರಲು ಅರ್ಧ ಗಂಟೆಯೋ ಅದಕ್ಕೂ ಹೆಚ್ಚು ಕಾಲವೋ ಹಿಡಿಯುವುದನ್ನೂ ಅಳೆದು ತೋರಿಸಿದನು. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ. ಆದಕಾರಣ ಎಷ್ಟು ಸಕ್ಕರೆ ತಿಂದೆವೆಂಬುದರಷ್ಟೇ, ಎಷ್ಟು ಸಲ ತಿಂದೆವೆಂಬುದೂ ಮುಖ್ಯ. ‘ಸಿಹಿ ತಿನ್ನಬೇಡಿ’ ಎಂಬ ವೈದ್ಯನ ಅಪ್ಪಣೆಯನ್ನು ಯಾರೂ ಪಾಲಿಸುವುದಿಲ್ಲ. ‘ಹೋಳಿಗೆಯನ್ನು ಊಟದ ಜೊತೆ ತಿನ್ನಿ, ಸಂಜೆಯವರೆಗೆ ಮಿಠಾಯಿ ಚೀಪುತ್ತಿರಬೇಡಿ’ ಎಂದರೆ ಪಾಲಿಸುವವರು ಸಿಕ್ಕಾರು. ಈ ತಿಳಿವಳಿಕೆಗೆ ಆಧಾರವಾದ ಇನ್ನೊಂದು ಪ್ರಯೋಗ ಸ್ವೀಡನ್ನಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ 1945ರಿಂದ 1953ರವರೆಗೆ ನಡೆಯಿತು. ಬುದ್ಧಿಮಾಂದ್ಯರಾದ ನಿವಾಸಿಗಳಿಗೆ ಅಂಟುಮಿಠಾಯಿ ತಿನ್ನಿಸಿ ಹಲ್ಲು ಹುಳುಕಾಗುವುದನ್ನು ಲೆಕ್ಕಹಾಕಿದರು. ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಫಲಿತಾಂಶ ನಿಜವಾದದ್ದೇ, ಅದನ್ನು ಓದುವಾಗ ಮಾತ್ರ ಮನಸ್ಸು ಕಹಿಯಾಗುತ್ತದೆ.

ವಸಡಿನ ವಿಷಯದಲ್ಲಿ ವೈದ್ಯನ ಮೌನ ಇನ್ನೂ ಹೆಚ್ಚು ಕೇಡು ಮಾಡುತ್ತದೆ. ಹಲ್ಲುಜ್ಜುವಾಗ ರಕ್ತ ಬಂದರೆ ಜನ ಸಹಜವಾಗಿ ಉಜ್ಜುವುದನ್ನೇ ಕಡಿಮೆ ಮಾಡುತ್ತಾರೆ. ಗಾಯವಾದ ಕಡೆ ಕೈ ಹಾಕಬಾರದೆಂಬುದು ಲೋಕರೂಢಿಯಲ್ಲವೇ? 1965ರಲ್ಲಿ ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಲ್ಯೋ ಮತ್ತು ಅವನ ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ಆರೋಗ್ಯವಾದ ವಸಡುಳ್ಳ 12 ಮಂದಿ, ಹೆಚ್ಚಿನವರು ದಂತವೈದ್ಯ ವಿದ್ಯಾರ್ಥಿಗಳೇ, ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಉರಿಯೂತಕ್ಕೊಳಗಾಯಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ವಾರದಲ್ಲಿ ಗುಣವಾಯಿತು. ರಕ್ತ ಬರುವುದು ಹಲವು ವೇಳೆ ಉಜ್ಜುವಿಕೆ ಸಾಲದೆಂಬುದರ ಗುರುತು. ಇದನ್ನು ಬಿಡಿಸಿ ಹೇಳದೆ ಪಾಚಿ ಕೆರೆದು ಕಳುಹಿಸಿದರೆ, ರೋಗಿ ಆರು ತಿಂಗಳಲ್ಲಿ ಅದೇ ಸ್ಥಿತಿಗೆ ಬಂದು, ‘ಕ್ಲೀನ್ ಮಾಡಿಸಿದ ಮೇಲೆಯೇ ಹಲ್ಲು ಸಡಿಲವಾಯಿತು’ ಎಂದು ಊರೆಲ್ಲ ಹೇಳುತ್ತಾನೆ. ಗಟ್ಟಿಯಾದ ಕಿಟ್ಟ ಹೋದಾಗ ಹಲ್ಲುಗಳ ನಡುವೆ ಸಂದು ಕಾಣುವುದು ನಿಜ. ಅದನ್ನು ಕೆಲಸಕ್ಕೆ ಮುನ್ನವೇ ಹೇಳಿದರೆ ವಿವರಣೆಯಾಗುತ್ತದೆ, ಆಮೇಲೆ ಹೇಳಿದರೆ ನೆಪವಾಗುತ್ತದೆ.

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆಂಬ ಭಯವೂ ಹಾಗೆಯೇ. ಅದಕ್ಕೆ ನಗುವುದು ಉತ್ತರವಲ್ಲ. ನೋಟದ ನರ ಬೇರೆ, ಹಲ್ಲಿನ ನೋವನ್ನು ಒಯ್ಯುವ ನರ ಬೇರೆ ಎಂದು ಚಿತ್ರ ತೋರಿಸಿ ಹೇಳಬಹುದು. ಫ್ಲೋರೈಡಿನ ವಿಷಯ ಇಷ್ಟು ಸುಲಭವಲ್ಲ. ಪಾವಗಡದಂತಹ ಸೀಮೆಯಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡಿನಿಂದ ಮಕ್ಕಳ ಹಲ್ಲು ಕಂದುಗಟ್ಟಿರುವುದನ್ನು ಕಂಡ ತಂದೆ, ‘ಅದೇ ವಿಷವನ್ನು ಪೇಸ್ಟಿನಲ್ಲಿ ಹಚ್ಚಿ ಎನ್ನುತ್ತೀರಲ್ಲ, ಸ್ವಾಮಿ?’ ಎಂದು ಕೇಳಿದರೆ ಅದು ಜಾಣನ ಪ್ರಶ್ನೆ. ಹಲ್ಲು ಬೆಳೆಯುವ ವಯಸ್ಸಿನಲ್ಲಿ ದಿನವೂ ಹೊಟ್ಟೆಗೆ ಹೋಗುವುದಕ್ಕೂ, ಹಲ್ಲಿಗೆ ತಾಗಿಸಿ ಉಗುಳುವುದಕ್ಕೂ ಇರುವ ಅಂತರವನ್ನು ಅಂಥವನಿಗೆ ತಾಳ್ಮೆಯಿಂದ ತಿಳಿಸಬೇಕು. ಅಂಥ ಊರಿನ ಚಿಕ್ಕ ಮಗುವಿಗೆ ಎಷ್ಟು ಪೇಸ್ಟು, ಯಾವ ಪೇಸ್ಟು ಎಂಬುದನ್ನು ಕುಡಿಯುವ ನೀರನ್ನು ವಿಚಾರಿಸಿದ ಮೇಲೆಯೇ ಹೇಳಬೇಕು.

ಬೈಗುಳದ ಮಾತು ಬಂದರೆ ಅಡಕೆ ಹೊಗೆಸೊಪ್ಪುಗಳನ್ನು ನೆನೆಯದೆ ವಿಧಿಯಿಲ್ಲ. ಬರಿಯ ಅಡಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಗುಟ್ಕಾ ಜಗಿಯುವ ತರುಣನ ಕೆನ್ನೆಯ ಒಳಪದರ ನಾರುಗಟ್ಟಿ, ಬಾಯಿ ತೆರೆಯುವುದೇ ಕಷ್ಟವಾಗುವ ರೋಗವುಂಟು. ಅದನ್ನು ಮೊದಲು ಕಾಣುವ ಅವಕಾಶ ದಂತವೈದ್ಯನದು. ಆದರೆ ತಂದೆಯ ಎದುರಿಗೆ ‘ಹಾಕುತ್ತೀಯೇನೋ?’ ಎಂದು ಗದರಿಸಿದರೆ ಯಾವ ಹುಡುಗ ಹೌದೆಂದಾನು? ತಂದೆಯನ್ನು ಹೊರಗೆ ಕೂರಿಸಿ, ‘ದಿನಕ್ಕೆ ಎಷ್ಟು ಪೊಟ್ಟಣ?’ ಎಂದು ಸಹಜವಾಗಿ ಕೇಳುವ ವೈದ್ಯನಿಗೆ ನಿಜ ತಿಳಿಯುತ್ತದೆ.

ಮಕ್ಕಳಿಗಾಗಿ 1959ರಲ್ಲಿ ಅಡೆಲ್‌ಸ್ಟನ್ ಎಂಬ ವೈದ್ಯ ಒಂದು ಕ್ರಮ ಹೇಳಿದನು: ಮೊದಲು ಹೇಳು, ಆಮೇಲೆ ತೋರಿಸು, ಕೊನೆಗೆ ಮಾಡು. ದೊಡ್ಡವರಿಗೆ ಇದು ಬೇಡವೆಂದು ಯಾರು ತೀರ್ಮಾನಿಸಿದರೋ ತಿಳಿಯದು. ದೊಡ್ಡವರ ವಿಷಯದಲ್ಲಿ ನಾನು ನಾಲ್ಕನೆಯದೊಂದನ್ನು ಸೇರಿಸುತ್ತೇನೆ. ‘ತಿಳಿಯಿತೇ?’ ಎಂದು ಕೇಳಬಾರದು, ಎಲ್ಲರೂ ತಲೆಯಾಡಿಸುತ್ತಾರೆ. ‘ಮನೆಯಲ್ಲಿ ಕೇಳಿದರೆ ಏನು ಹೇಳುತ್ತೀರಿ?’ ಎಂದು ಕೇಳಬೇಕು. ತಗಲುವ ಖರ್ಚನ್ನೂ, ಎಷ್ಟು ಸಲ ಬರಬೇಕೆಂಬುದನ್ನೂ ಅದೇ ಉಸಿರಿನಲ್ಲಿ ತಿಳಿಸಬೇಕು.

ಹೊರಗೆ ನಲವತ್ತು ಜನ ಕಾದಿರುವಾಗ ಇದಕ್ಕೆಲ್ಲ ಹೊತ್ತೆಲ್ಲಿ ಎಂದು ವೈದ್ಯ ಮಿತ್ರರು ಆಕ್ಷೇಪಿಸುತ್ತಾರೆ. ಸರಕಾರಿ ಆಸ್ಪತ್ರೆಯ ನೂಕುನುಗ್ಗಲನ್ನು ನಾನೂ ಕಂಡಿದ್ದೇನೆ, ಆಕ್ಷೇಪಣೆ ಹುರುಳಿಲ್ಲದ್ದಲ್ಲ. ಆದರೆ ಆ ನಲವತ್ತರಲ್ಲಿ ಎಷ್ಟು ಮಂದಿ ಹಿಂದೊಮ್ಮೆ ಬಂದು, ಮಾತು ತಿಳಿಯದೆ ಹೋಗಿ, ರೋಗ ಬಲಿತ ಮೇಲೆ ಮತ್ತೆ ಬಂದವರೆಂದು ಒಂದು ದಿನ ಎಣಿಸಿ ನೋಡಲಿ. ಅತ್ತೆಯವರ ಹಲ್ಲನ್ನು ಕಿತ್ತ ಎರಡನೆಯ ವೈದ್ಯರು ಆಕೆಯ ಕೈಗೆ ಕನ್ನಡಿ ಕೊಟ್ಟು, ಪಕ್ಕದ ಹಲ್ಲಿನ ಮೇಲಿದ್ದ ಸಾಸಿವೆಯಷ್ಟು ಕಪ್ಪು ಚುಕ್ಕೆಯನ್ನು ತೋರಿಸಿದರು. ಅತ್ತೆ ಅದನ್ನು ಮರುವಾರವೇ ಹೋಗಿ ತುಂಬಿಸಿಕೊಂಡು ಬಂದರು.